ಇವತ್ತಿನ ವಿಧವೆ

ನಮ್ಮ ಲಾಂಡ್ರಿಯ ಇಸ್ತ್ರಿ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಆರು ಮೊಳೆ. ಧೂಳು ಬಂದರೆ ಆಸ್ಪತ್ರೆಯ ಚಾದರ ಕೊಳೆಯಾಗುತ್ತದೆ ಎಂದು ಮ್ಯಾನೇಜರು ಹೊಡೆಸಿದ್ದು. ಒಳಗೆ ಹದಿನಾಲ್ಕು ಹೆಂಗಸರು, ಮೂರು ಬಿಸಿ ಯಂತ್ರ, ಎದುರಿನವರ ಮುಖ ಕಾಣದಷ್ಟು ಹಬೆ. ಮಂಗಳವಾರ ಗಿಣಿ ಎಚ್ಚರ ತಪ್ಪಿ ಬಿದ್ದಳು. ಬಾಯಿ ಮುಚ್ಚದವಳೆಂದು ಅವಳಿಗೆ ಆ ಹೆಸರು. ಏಳು ತಿಂಗಳ ಬಸುರಿ.

ಎಲ್ಲರೂ ಒಟ್ಟಾಗಿ ಹೋಗಿ ಕಿಟಕಿ ತೆಗೆಸಿ ಎಂದೆವು.

"ಗುಂಪು ಕಟ್ಕೊಂಡು ಬಂದ್ರೆ ಎಲ್ರನ್ನೂ ಮನೆಗೆ ಕಳಿಸ್ತೀನಿ. ಏನಾದ್ರೂ ದೂರು ಇದ್ರೆ ಒಬ್ಬೊಬ್ರೇ ಬನ್ನಿ," ಎಂದರು ಮ್ಯಾನೇಜರು.

ಬಂದು ಚಾದರ ಮಡಿಸತೊಡಗಿದೆವು. ಅದು ಒಬ್ಬರ ಕೆಲಸವಲ್ಲ. ಆ ತುದಿಗೆ ಅತ್ತೆ, ಈ ತುದಿಗೆ ನಾನು. ದೂರ ನಿಂತು ಝಾಡಿಸಿ, ಹತ್ತಿರ ಬಂದು ಮೂಲೆ ಕೂಡಿಸಬೇಕು. ಮಾತೇನಿದ್ದರೂ ಆ ಕ್ಷಣದಲ್ಲಿ. ನನ್ನ ಗಂಡ, ಅವರ ಮಗ, ತೀರಿಕೊಂಡು ಎಂಟು ತಿಂಗಳು. ನಾನು ಮಾತು ಕಡಿಮೆ ಮಾಡಿದ್ದೆ. ಅತ್ತೆಗೆ ಓದು ಬಾರದು. ದಿನಾ ಬೆಳಿಗ್ಗೆ ಸತ್ಯವೇದ, ಅಂದರೆ ಬೈಬಲ್, ಓದಿ ಹೇಳುತ್ತೇನೆ. ಎಂ.ಎ. ಮಾಡಿದ ನನ್ನ ಗಂಟಲು ಓದುತ್ತಿತ್ತು, ಅಷ್ಟೆ. ಕೇಳುತ್ತಿದ್ದವರು ಅವರು.

"ಬೆಳಿಗ್ಗೆ ಓದಿದ್ಯಲ್ಲ, ಆ ವಿಧವೆ ಕಥೆ," ಮೂಲೆ ಕೂಡಿಸುತ್ತ ಅತ್ತೆ ಅಂದರು.

"ಹೂಂ."

ಹಿಂದೆ ಸರಿದು ಮತ್ತೆ ಬಂದರು. "ಆ ನ್ಯಾಯಾಧೀಶಂಗೆ ದೇವರ ಭಯವೂ ಇಲ್ಲ, ಮನುಷ್ಯರ ಲಕ್ಷ್ಯವೂ ಇಲ್ಲ."

"ಹೂಂ."

ಮತ್ತೊಂದು ಚಾದರ. "ದಿನಾ ಹೋಗಿ ತಲೆ ತಿಂದ್ಳು. ಕಾಟ ತಾಳದೆ ನ್ಯಾಯ ಕೊಟ್ಟ. ಗುಂಪು ಕಟ್ಟಿದ್ಳಾ? ಒಬ್ಳೇ ಹೋದ್ಳು!"

ಪಕ್ಕದ ಮೇಜಿನಿಂದ ಗಿಣಿ ಕಿವಿ ನಿಮಿರಿಸಿದಳು. "ಅಮ್ಮಾ, ನಾವೂ ದಿನಕ್ಕೊಬ್ರು ಹೋದ್ರೆ?"

ಮರುದಿನದಿಂದ ಶುರು. ಮೊದಲು ಅವಳೇ ಹೋದಳು. ಹೇಳಬೇಕಾದದ್ದು ಎರಡೇ ಮಾತು: "ಸರ್, ಕಿಟಕಿ." ಹೋದವಳನ್ನು ಮ್ಯಾನೇಜರು ಅತಿ ಬಿಸಿಯ ಮೂರನೇ ಯಂತ್ರಕ್ಕೆ ಹಾಕಿದರು. ನಾವು ಗಂಟೆಗೊಬ್ಬರು ಜಾಗ ಬದಲಿಸಿಕೊಂಡೆವು.

"ಇವತ್ತಿನ ವಿಧವೆ ಯಾರ್ರೇ?" ದಿನಾ ಬೆಳಿಗ್ಗೆ ಕೂಗು.

"ನಾನೇ!"

"ನಿನ್ನ ಗಂಡ ಗೇಟಲ್ಲಿ ಸೈಕಲ್ ಹಿಡ್ಕೊಂಡು ನಿಂತಿದಾನಲ್ಲೇ!"

"ನಿಲ್ಲಲಿ ಬಿಡು. ಊಟದವರೆಗೆ ಇಲ್ಲ ಅಂದ್ಕೋತೀನಿ."

ಆಮೇಲೆ ನನ್ನ ಕಡೆ ನೋಡಿ ಎಲ್ಲರೂ ನಾಲಿಗೆ ಕಚ್ಚಿಕೊಂಡರು. ನನಗೆ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ. ಅತ್ತೆ ಚಾದರದ ಆ ತುದಿ ಬಿಟ್ಟು ನಕ್ಕರು. ಅದನ್ನು ಮತ್ತೆ ಒಗೆಯಬೇಕಾಯಿತು.

ಏಳನೇ ದಿನ ಮ್ಯಾನೇಜರು ತಮ್ಮ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡರು. ಅವತ್ತು ಪಾಳಿಯಿದ್ದ, ನಮ್ಮಲ್ಲೊಬ್ಬಳಾದ ಫಿಟ್ಟರನ ಹೆಂಡತಿ ಊಟದ ಬಿಡುವು ಪೂರ್ತಿ ಬಾಗಿಲು ತಟ್ಟಿದಳು. ಕೈ ಸೋತಾಗ ಮೊಣಕೈಯಿಂದ.

ಎಂಟನೇ ದಿನ ನನ್ನ ಪಾಳಿ. ಒಂದೇ ತಟ್ಟಿಗೆ ಬಾಗಿಲು ತೆರೆಯಿತು.

"ನೀನೂನಾ? ಓದಿದವಳು. ಅವರಿಗೆ ಬುದ್ಧಿ ಹೇಳಬಾರ್ದಾ?"

"ಬುದ್ಧಿ ಹೇಳಿದ್ದು ಅವರು ಸರ್. ನಾನು ಬರೀ ಓದಿದ್ದು."

"ಯಾವಾಗ ನಿಲ್ಸ್ತೀರಾ?"

"ಕಿಟಕಿ ತೆಗೆದ ದಿನ."

"ತೆಗೆಯಲ್ಲ ಅಂದ್ರೆ?"

"ಇನ್ನೂ ಆರು ಜನ ಇದಾರೆ. ಆಮೇಲೆ ಮೊದಲಿಂದ. ಗಿಣಿ ಮಗು ಬೆಳೆದ್ಮೇಲೆ ಅದೂ ಬರುತ್ತೆ."

ಮ್ಯಾನೇಜರು ಹಣೆ ಉಜ್ಜಿಕೊಂಡರು. "ಸರಿ ಮಾರಾಯ್ತಿ. ನಾಳೆ ಬಡಗಿನ ಕರೆಸ್ತೀನಿ. ಇನ್ನು ಯಾರೂ ಬರೋದು ಬೇಡ ಅಂತ ಹೇಳು."

"ಹೇಳ್ತೀನಿ ಸರ್. ಆದ್ರೆ ನಾಳೆ ನಮ್ಮತ್ತೆ ಪಾಳಿ. ಅವರು ಬಂದೇ ಬರ್ತಾರೆ, ಬಡಗಿ ಬಂದ್ನಾ ಅಂತ ಕೇಳೋಕೆ."