ಹಿಂದಿನ ಬೆಂಚು

ಹೆಡ್‌ಮಾಸ್ಟರು ಅಮ್ಮನ ಎದೆಯ ಮೇಲಿಟ್ಟ ಹೂ ಜಾರಿ ನೆಲಕ್ಕೆ ಬಿತ್ತು. ಮಗಳು ಅದನ್ನು ಎತ್ತಿ ಕಿಟಕಿಯ ಮೇಲಿಟ್ಟಳೇ ಹೊರತು ವಾಪಸ್ಸು ಇಡಲಿಲ್ಲ. ಬದುಕಿದ್ದಾಗ ಅಮ್ಮನ ಹೊಟ್ಟೆ ಉರಿಸಿದ ಮನುಷ್ಯ, ಈಗ ಹೂ ಬೇರೆ!

“ಚಿಕ್ಕಮ್ಮಾ, ಟೀಚರುಗಳೆಲ್ಲ ಬಂದಿದಾರೆ. ಶಾಲೆ ಎತ್ತಿದ್ದು ಅಮ್ಮ ಅಂತ ಇವತ್ತಾದ್ರೂ ನಿಜ ಹೇಳ್ತೀಯಲ್ಲ?”

“ಹೇಳ್ದೆ ಇರ್ತೀನೇನೇ? ನಿನ್ನಾಣೆ,” ಎಂದರು ವಿಜ್ಞಾನದ ಮೇಡಂ, ಮೂಗು ಒರೆಸಿಕೊಳ್ಳುತ್ತ. ಇಪ್ಪತ್ತು ವರ್ಷ ಅಮ್ಮನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವರು. ಮಗಳಿಗೆ ಬುದ್ಧಿ ಬಂದಾಗಿನಿಂದ ಅವರೇ ಚಿಕ್ಕಮ್ಮ.

*

ಅಮ್ಮ ಲೆಕ್ಕದ ಟೀಚರು. ಅರ್ಧಕ್ಕರ್ಧ ಮಕ್ಕಳು ಫೇಲಾಗುತ್ತಿದ್ದ ಶಾಲೆ ಅದು. ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂರೋಣ, ಪಾಠ ಎಲ್ಲಿ ಕೈಕೊಟ್ಟಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ ಎಂದಳು. ತಮ್ಮ ತಪ್ಪನ್ನು ತಾವೇ ಬರೆಸಿಕೊಳ್ಳುವಷ್ಟು ದಡ್ಡರು ಯಾರಿದ್ದಾರೆ? ಒಬ್ಬರೂ ಬರಲಿಲ್ಲ. ಅಮ್ಮ ತನ್ನದನ್ನೇ ಮೊದಲು ಬರೆದಳು: ‘ಭಿನ್ನರಾಶಿ ಇವತ್ತು ಕೆಟ್ಟದ್ದು ನನ್ನಿಂದ. ನಾಳೆ ಮತ್ತೊಮ್ಮೆ.’ ಆಮೇಲೆ ಒಬ್ಬೊಬ್ಬರಾಗಿ ಬಂದರು. ಮೂರು ವರ್ಷದಲ್ಲಿ ಶಾಲೆ ತಲೆ ಎತ್ತಿತು.

ಹೊಸ ಹೆಡ್‌ಮಾಸ್ಟರಿಗೆ ಅದು ಕಣ್ಣು ಕುಕ್ಕಿತು. ನೋಟ್‌ಬುಕ್ಕನ್ನು ತಪಾಸಣೆಗೆ ಬಂದವರ ಮುಂದಿಟ್ಟು, “ಪಾಠ ಬರಲ್ಲ ಅಂತ ಇವರೇ ಬರ್ಕೊಂಡಿದಾರೆ ನೋಡಿ,” ಎಂದರು. ಅಮ್ಮನಿಗೆ ಪಾಠ ಬಿಡಿಸಿ ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿದರು. ಆಮೇಲೆ ಅದೇ ಪದ್ಧತಿಯನ್ನು ತಮ್ಮದೆಂದು ಹೇಳಿಕೊಂಡು ನಡೆಸಿದರು. ಬೀರುವಿನಲ್ಲಿದ್ದ ನೋಟ್‌ಬುಕ್ ಅವರ ಕೈಗೆ ಹೇಗೆ ಹೋಯಿತು ಎಂದು ಅಮ್ಮನಿಗೆ ಕೊನೆಗೂ ತಿಳಿಯಲಿಲ್ಲ.

*

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. “ಹಿಂದಿನ ಬೆಂಚಿನ ಪದ್ಧತಿ ನಾನು ಕಟ್ಟಿದ್ದು. ಈ ತಾಯಿಯೂ ಕೈಜೋಡಿಸಿದ್ರು. ಅವರ ನೋಟ್‌ಬುಕ್ಕನ್ನ ನನಗೆ ತಂದ್ಕೊಟ್ಟಿದ್ದೇ ನಮ್ಮ ವಿಜ್ಞಾನದ ಮೇಡಂ. ಅವರೂ ಎರಡು ಮಾತಾಡ್ಲಿ.”

ಮಗಳು ತಟ್ಟನೆ ಚಿಕ್ಕಮ್ಮನ ಕಡೆ ತಿರುಗಿದಳು. ಅಯ್ಯೋ, ಅಮ್ಮನ ಡಬ್ಬಿಯಲ್ಲೇ ಉಂಡ ಕೈ!

ವಿಜ್ಞಾನದ ಮೇಡಂ ಎದ್ದರು. ನೆಲ ನೋಡುತ್ತ, “ಹೌದು. ಎಲ್ಲ ಸರ್ ಮಾರ್ಗದರ್ಶನದಲ್ಲೇ...” ಎಂದು ಶುರುಮಾಡಿದರು. ಬೇಗ ಮುಗಿಸಿ, ಬಂದು ಮಗಳ ಹೆಗಲ ಮೇಲೆ ಕೈಯಿಟ್ಟರು.

“ಬೇಜಾರು ಮಾಡ್ಕೋಬೇಡ ಕಣೇ. ಸರ್ ಮುಂದಿನ ವರ್ಷ ರಿಟೈರು. ಆ ಜಾಗಕ್ಕೆ ನನ್ನ ಹೆಸರು ಹೋಗಿದೆ.”

ಮಗಳು ಆ ಕೈಯನ್ನು ಎತ್ತಿ ಕೆಳಗೆ ಬಿಟ್ಟಳು.

“ನೀವು ಹೊರಡಿ ಮೇಡಂ. ಚಪ್ಪಲಿ ಬಾಗಿಲ ಹತ್ರ ಇದೆ.”

ಜನ ಸರಿದು ದಾರಿ ಬಿಟ್ಟರು. ವಿಜ್ಞಾನದ ಮೇಡಂ ಹೊಸಿಲಾಚೆ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಬರಿಗಾಲಲ್ಲಿ ತಡಕಾಡುತ್ತ ನಿಂತೇ ಇದ್ದರು.