ಕಿವಿಯಮ್ಮನ ಕಿವಿ

“ಕೇಳಿಸಿದ ಕೂಡಲೇ ಗುಂಡಿ ಒತ್ತಿ ಮೇಡಂ, ಅಷ್ಟೇ,” ಎಂದು ಹೇಳಿ ಡಾಕ್ಟರಮ್ಮ ಗಾಜಿನ ಆಚೆ ಹೋಗಿ ಕೂತರು. ಕಿವಿಯಮ್ಮ ಹೆಡ್‌ಫೋನ್ ಏರಿಸಿಕೊಂಡು ಫೋಟೋದವನ ಕಡೆ ನೋಡಿ ನಕ್ಕರು. ಕಿವಿ ಕೇಳದ ಮಕ್ಕಳಿಗೆಂದು ಅವರ ಟ್ರಸ್ಟು ಕಟ್ಟಿಸಿದ ಪರೀಕ್ಷಾ ಕೋಣೆ ಅದು. ಬರೀ ರಿಬ್ಬನ್ ಕತ್ತರಿಸಿ ಹೋಗುವುದೇನು ಉದ್ಘಾಟನೆ, ಮೊದಲ ಪರೀಕ್ಷೆ ನನಗೇ ಆಗಲಿ ಎಂದು ಹಟ ಹಿಡಿದವರೂ ಅವರೇ.

ಕಿವಿಯಮ್ಮ ಎಂಬ ಹೆಸರೇನು ಪುಕ್ಕಟೆ ಬಂದದ್ದಲ್ಲ. ಕ್ಯಾಸೆಟ್ ಅಂಗಡಿಯ ಕೌಂಟರಿನಲ್ಲಿ ನಿಂತು ಮಾರುತ್ತಿದ್ದ ಹೆಂಗಸು, ಯಾವ ಹಾಡು ಓಡುತ್ತದೆ, ಯಾವುದು ಮಕಾಡೆ ಬೀಳುತ್ತದೆ ಎಂದು ಪಲ್ಲವಿ ಮುಗಿಯುವುದರೊಳಗೆ ಹೇಳಿ ಹೇಳಿಯೇ ಸಂಗೀತ ಕಂಪನಿಯ ಮುಖ್ಯಸ್ಥರ ಕುರ್ಚಿಯವರೆಗೆ ಬಂದಿದ್ದರು. ಹಾಡುವವರ ಹಣೆಬರಹ ಆ ಕಿವಿಯಲ್ಲಿತ್ತು. ಅವರು “ಹೂಂ” ಅಂದರೆ ಬದುಕು ಹಳಿಗೆ ಬಂತು. “ಬೇಡ” ಅಂದರೆ ಬಂದ ದಾರಿಗೆ ಸುಂಕವಿಲ್ಲ.

ಮೊದಮೊದಲು ದಪ್ಪ ದಪ್ಪ ಸದ್ದುಗಳು ಬಂದವು, ಒತ್ತಿದರು. ಆಮೇಲೆ ಏನೂ ಇಲ್ಲ. ಹೊಸ ಮಿಷನ್ನು, ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು ಎಂದುಕೊಂಡು ಕಾದರು. ಗಾಜಿನ ಆಚೆ ಡಾಕ್ಟರಮ್ಮ ಒಮ್ಮೆ ಪರದೆ ನೋಡಿದರು, ಒಮ್ಮೆ ಇವರ ಬೆರಳು ನೋಡಿದರು. ಕಾದು ಸಾಕಾದ ಫೋಟೋದವನು “ಒಂದ್ಸಲ ಸುಮ್ನೆ ಒತ್ತಿ ಮೇಡಂ” ಎಂದು ಕೈಸನ್ನೆ ಮಾಡಿದ. ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಜನ ಹೊರಗೆ ಹೋದ ಮೇಲೆ ಡಾಕ್ಟರಮ್ಮ ಬಾಗಿಲು ಮುಂದೆ ಮಾಡಿದರು.

“ಏನಮ್ಮ, ಮಿಷನ್ ಕೈಕೊಡ್ತಾ?”

“ಮಿಷನ್ ಸರಿಯಾಗಿದೆ ಮೇಡಂ. ತೆಳು ದನಿ, ಕೀರಲು ಸದ್ದು ನಿಮಗೆ ಕೇಳಿಸ್ತಾನೇ ಇಲ್ಲ. ಮಾತಾಡುವಾಗ್ಲೂ ಸ, ಶ, ತ, ಇಂಥವೆಲ್ಲ ಮಸುಕಾಗಿ ಕೇಳುತ್ತೆ. ಎಲ್ಲರೂ ಬಾಯೊಳಗೇ ಮಾತಾಡ್ತಾರೆ ಅನ್ಸಲ್ವಾ ನಿಮಗೆ?”

“ಈಗಿನವರು ಬಾಯೊಳಗೇ ಅಲ್ವಾ ಮಾತಾಡೋದು!” ಎಂದು ಕಿವಿಯಮ್ಮ ರೇಗಿದರು. ಮರುಗಳಿಗೆಗೆ ಭಯವಾಯಿತು. ಈ ಸುದ್ದಿ ಹೊರಬಿದ್ದರೆ ಕಂಪನಿಯಲ್ಲಿ ಅವರಿಗೇನು ಕೆಲಸ? ಡಾಕ್ಟರಮ್ಮ ಒಂದು ಶ್ರವಣ ಯಂತ್ರ ತಂದು, ಹಾಕಿ ನೋಡಿ ಅಂತ ಕಿವಿಗೆ ಸಿಕ್ಕಿಸಿದರು. ಕಿವಿಯಮ್ಮ ಅದರ ಮೇಲೆ ಕೂದಲು ಎಳೆದುಕೊಂಡು ನೆಟ್ಟಗೆ ಸ್ಟುಡಿಯೋಗೆ ನಡೆದರು.

ರೆಕಾರ್ಡಿಂಗ್ ಇಂಜಿನಿಯರ್ ಅವರ ಕ್ಯಾಸೆಟ್ ಕಾಲದ ಒಡನಾಡಿ, ಅವರನ್ನು ಅಕ್ಕಾ ಎಂದೇ ಕರೆಯುವವನು.

“ನಿನ್ನೆ ಮುಗಿಸಿದ ಹಾಡು ಹಾಕು.”

ಮಂಕು ಬಡಿದಿದೆ, ಇನ್ನೂ ಜಿಲ್ ಅನ್ನಲಿ ಎಂದು ನಿನ್ನೆ ಅವರೇ ಬೆನ್ನು ಹತ್ತಿ ಕೀರಲು ಸದ್ದು ಏರಿಸಿದ ಹಾಡು. ಈಗ ಸ್ಟೀಲು ತಟ್ಟೆಗೆ ಚಮಚ ಕೆರೆದ ಹಾಗಿತ್ತು.

“ಅಯ್ಯಯ್ಯೋ, ನಿಲ್ಸೋ! ಯಾರೋ ಇದನ್ನ ಹಾಳ್ಮಾಡಿದ್ದು?”

ಅವನ ಕಣ್ಣು ಅವರ ಕಿವಿಯ ಹತ್ತಿರ ಹೋಯಿತು. “ನೀವೇ ಅಕ್ಕಾ.”

“ಅಂದ್ರೆ… ಈ ವರ್ಷದ್ದೆಲ್ಲಾ ಹೀಗೇ ಹೊರಗೆ ಹೋಗಿದ್ಯಾ?”

“ಇಲ್ಲಕ್ಕಾ. ನೀವು ಮನೆಗೆ ಹೋದ್ಮೇಲೆ ನಾನು ಇಳಿಸಿ ಕಳಿಸ್ತಿದ್ದೆ.”

“ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೋ? ಇಷ್ಟು ದಿನ ನನ್ನ ಕೋಡಂಗಿ ಮಾಡ್ಬಿಟ್ಯಲ್ಲ!”

“ಬೆಕ್ಕಿಗೆ ಗಂಟೆ ಕಟ್ಟೋರು ಯಾರಕ್ಕಾ?”

ಸಿಟ್ಟಿನ ನಡುವೆಯೂ ಕಿವಿಯಮ್ಮನಿಗೆ ನಗು ಬಂದುಬಿಟ್ಟಿತು. ಸದ್ಯ, ಒಂದು ಹಾಡೂ ಕೆಟ್ಟಿಲ್ಲ. ಹೋದ ಜೀವ ಬಂದ ಹಾಗಾಗಿ ಸೋಫಾಕ್ಕೆ ಒರಗಿದರು. ಒರಗಿದವರು ತಟ್ಟನೆ ಎದ್ದು ಕೂತರು.

“ಅಲ್ವೋ, ಅಕ್ಷರ ಸ್ಪಷ್ಟ ಇಲ್ಲ ಅಂತ ಎಷ್ಟು ಜನರನ್ನ ವಾಪಸ್ ಕಳಿಸಿದೆ ನಾನು? ಕಂಕುಳಲ್ಲಿ ಮಗು ಇಟ್ಕೊಂಡೇ ಬಂದಿದ್ಲಲ್ಲ ಒಬ್ಬಳು. ಆ ಬಸ್ ಡ್ರೈವರು. ಅವರೆಲ್ಲರ ಹಾಡು ತೆಗಿ. ಕೂತು ಕೇಳ್ತೀನಿ.”

“ಅವು ಇಲ್ಲಕ್ಕಾ.”

“ಇಲ್ಲ ಅಂದ್ರೆ?”

“ಬೇಡ ಅಂದಿದ್ದನ್ನ ಅವತ್ತೇ ಅಳಿಸ್ಬೇಕು ಅಂತ ನೀವೇ ಮಾಡಿದ ನಿಯಮ ಅಲ್ವಾ. ಹೆಸರು, ಊರು ಕೂಡ ಆಯ್ಕೆ ಆದೋರದ್ದು ಮಾತ್ರ ಇಟ್ಕೊಳ್ಳೋದು.”

ಕಿವಿಯಮ್ಮ ಅವನ ಕಡೆ ಬಾಗಿದರು. “ನೀನು ಕೇಳಿದ್ಯಲ್ಲೋ. ಚೆನ್ನಾಗಿ ಹಾಡಿದ್ರಾ ಅವರು?”

ಅವನು ತಿರುಗಿಸುವುದಕ್ಕೇನೂ ಇಲ್ಲದ ತಿರುಪೊಂದನ್ನು ತಿರುಗಿಸುತ್ತ, “ಕೆಲವರು,” ಎಂದ. ತಿರುಪಿನಿಂದ ಕೈ ತೆಗೆದು, “ಆ ಮಗುವಿನ ತಾಯಿ,” ಎಂದ.

ಯಾರೂ ಹಾಡದ ಸ್ಪೀಕರಿನಿಂದ ಸಣ್ಣಗೆ ಸುಯ್ ಎಂಬ ಸದ್ದು ಬರುತ್ತಿತ್ತು. ಅವನು ಆರಿಸಲು ಕೈ ಚಾಚಿದ. ಕಿವಿಯಮ್ಮ ಬೇಡವೆಂದು ತಲೆಯಾಡಿಸಿ, ಅದನ್ನೇ ಕೇಳುತ್ತ ಕೂತರು.