ಖಾಲಿ ಮನೆಗಳ ಬಟ್ಟೆ

ಅಪ್ಪನಿಗೆ ಬಾಡಿಗೆ ಇಳಿಸುವ ಅಭ್ಯಾಸ ಇರಲಿಲ್ಲ.

ಮೂವತ್ತು ವರ್ಷ ಕೊಳಾಯಿ ಕೆಲಸ ಮಾಡಿ, ಕಂಡವರ ಬಚ್ಚಲು ಬಗೆದು ಕಟ್ಟಿಸಿದ ಕಟ್ಟಡ ಅದು. ಮೂರು ಮಹಡಿ, ಆರು ಮನೆ, ಬೀದಿಗೆ ಮುಖ ಮಾಡಿ ಒಂದು ಅಂಗಡಿ. ಒಂದು ಮನೆಯಲ್ಲಿ ನಾನು ಮತ್ತು ಅಪ್ಪ. ಇನ್ನೊಂದರಲ್ಲಿ ಟೈಲರಮ್ಮ, ಕೆಳಗಿನ ಅಂಗಡಿಯೂ ಅವಳದೇ. ಮತ್ತೊಂದರಲ್ಲಿ ರಿಟೈರಾದ ಬಸ್ ಡ್ರೈವರ್. ಉಳಿದ ಮೂರು ಖಾಲಿ.

ಬಿಸ್ಕತ್ ಕಾರ್ಖಾನೆ ಒಂದು ಪಾಳಿ ನಿಲ್ಲಿಸಿದ ಮೇಲೆ ಬಾಡಿಗೆ ಮನೆ ಕೇಳುವವರೇ ಕಡಿಮೆಯಾದರು. ಅದೇ ಹೊತ್ತಿಗೆ ಬಸ್ ನಿಲ್ದಾಣದ ಹಿಂದೆ ಲಿಫ್ಟ್ ಇರುವ ನಾಲ್ಕು ಕಟ್ಟಡ ಎದ್ದವು. ನಮ್ಮ ಬೀದಿಯ ಗೇಟುಗಳಿಗೆಲ್ಲ 'ಮನೆ ಬಾಡಿಗೆಗಿದೆ' ಬೋರ್ಡು ಬಂತು. ಎದುರು ಕಟ್ಟಡದ ಔಷಧಿ ಅಂಗಡಿಯವನು ಮೊದಲು ಗೊಣಗಿದ, ಆಮೇಲೆ ಸುಣ್ಣ ಬಣ್ಣ ಹೊಡೆಸಿದ, ಹತ್ತು ತಿಂಗಳ ಅಡ್ವಾನ್ಸನ್ನು ಎರಡಕ್ಕೆ ತಂದ, ಬಾಡಿಗೆಯಲ್ಲಿ ಕಾಲು ಭಾಗ ಬಿಟ್ಟ. ಇದ್ದವರು ಉಳಿದುಕೊಂಡರು, ಹೊಸಬರೂ ಬಂದರು.

"ನಾವೂ ಸ್ವಲ್ಪ ಇಳಿಸೋಣಪ್ಪ," ಅಂದೆ.

"ನೀರು ಕೆಳಕ್ಕೆ ತಾನಾಗೇ ಹೋಗುತ್ತೆ. ಮೇಲಕ್ಕೆ ತರೋಕೆ ಮೋಟರ್ ಬೇಕು," ಅಂದ. "ಇವತ್ತು ಇಳಿಸಿದ್ರೆ ಮತ್ತೆ ಏರಿಸೋಕೆ ನಿಮ್ಮಜ್ಜ ಬರ್ತಾನಾ?"

ಆತುರ ಇದ್ದದ್ದು ಅಣ್ಣನಿಗೆ. ಜಾಗ ಅಮ್ಮನ ಹೆಸರಿನಲ್ಲಿತ್ತು. ಅವಳು ಸತ್ತ ಮೇಲೆ ಅವನಿಗೂ ಪಾಲು ಬಂತು. "ವರ್ಷದ ಕೊನೆಯೊಳಗೆ ಮೂರೂ ಮನೆ ತುಂಬಿದ್ರೆ ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಮಾರಿ ಹಂಚ್ಕೊಳ್ಳೋಣ," ಅಂದಿದ್ದ. ಅಪ್ಪ ಎದುರಾಡಲಿಲ್ಲ. ಕಟ್ಟಡ ಮಾರಿದರೆ ಅಣ್ಣನ ಮನೆಯ ಮೂಲೆಯ ಕೋಣೆಯೇ ಗತಿ ಎಂದು ಅವನಿಗೆ ಗೊತ್ತಿತ್ತು. ವರ್ಷ ಮುಗಿಯಲು ಐದು ವಾರ ಇತ್ತು.

ಅಪ್ಪ ತನ್ನದೇ ಉಪಾಯ ಹೂಡಿದ. ಗೇಟಿನ ಬೋರ್ಡು ಕಿತ್ತು ಮಂಚದ ಕೆಳಗೆ ತಳ್ಳಿದ. ಬೆಳಿಗ್ಗೆ ಖಾಲಿ ಮನೆಗಳ ಬಾಲ್ಕನಿಗೆ ಹೋಗಿ ಹಗ್ಗದ ಮೇಲೆ ಒದ್ದೆ ಬಟ್ಟೆ ಹರವಿದ. ಎರಡನೇ ಮಹಡಿಯಲ್ಲಿ ತನ್ನ ಹಳೆಯ ಅಂಗಿಗಳು, ಮೂರನೆಯದರಲ್ಲಿ ಒಂದು ಕಡೆ ನನ್ನ ಶಾಲೆಯ ಯೂನಿಫಾರ್ಮು, ಇನ್ನೊಂದು ಕಡೆ ಅಮ್ಮನ ಸ್ವೆಟರು. ಸಂಜೆ ತೆಗೆದು ಮಡಚಿ, ಮರುದಿನ ಮತ್ತೆ ನೆನೆಸಿ ಹಾಕುತ್ತಿದ್ದ.

"ಇದೇನಪ್ಪ ಇದು?"

"ಖಾಲಿ ಹೋಟೆಲಿಗೆ ಯಾರು ಹೋಗ್ತಾರೆ? ತುಂಬಿದ ಕಡೆಗೇ ಜನ ನುಗ್ಗೋದು. ಕಟ್ಟಡ ಖಾಲಿ ಅಂತ ಗೊತ್ತಾದ್ರೆ ಚೌಕಾಸಿ ಶುರು ಮಾಡ್ತಾರೆ."

ಟೈಲರಮ್ಮನಿಗೂ ಪಾಠ ಹೇಳಿಕೊಟ್ಟಿದ್ದ. ಯಾರಾದರೂ ಅಂಗಡಿಗೆ ಬಂದು ಮನೆ ಕೇಳಿದರೆ, "ಎಲ್ಲಾ ತುಂಬಿದೆ. ಮುಂದಿನ ತಿಂಗಳು ಒಂದು ಬಿಟ್ಟರೂ ಬಿಡಬಹುದು, ಮೇಲೆ ಹೋಗಿ ಯಜಮಾನರನ್ನ ಒಂದು ಮಾತು ಕೇಳಿ" ಅನ್ನಬೇಕು.

"ಹೊಲಿಗೆ ಜೊತೆ ಸುಳ್ಳಿಗೂ ಕೂಲಿ ಕೊಡ್ತೀರಾ ಯಜಮಾನ್ರೇ?" ಅಂತ ಅವಳು ನಕ್ಕಿದ್ದಳು. ಹನ್ನೆರಡು ವರ್ಷದಿಂದ ಇದ್ದವಳು, ಹೇಳಿದ್ದು ಮಾಡಿದಳು.

ಆ ವಾರವೇ ಅವಳೂ ಬಾಡಿಗೆ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಲು ಮೇಲೆ ಬಂದಳು. ಕಾರ್ಖಾನೆಯವರು ಅವಳ ಹತ್ತಿರ ಯೂನಿಫಾರ್ಮು ಹೊಲಿಸುವುದು ನಿಲ್ಲಿಸಿದ್ದರು. ಅಪ್ಪ ಅವಳಿಗೆ ಕೂರಲೂ ಹೇಳದೆ, "ಬಿಡೋದಾದ್ರೆ ಬಿಡಮ್ಮ. ನಿನ್ನ ಮನೆಗೆ ಜನ ಕಾಯ್ತಿದ್ದಾರೆ," ಅಂದ.

ಅದೂ ಯಾರ ಮುಂದೆ? ಹಿಂದಿನ ದಿನ ಅಪ್ಪನಿಗೆ ಬೆನ್ನು ಹಿಡಿದುಕೊಂಡಾಗ ಮೂರನೇ ಮಹಡಿಯಲ್ಲಿ ಅಮ್ಮನ ಸ್ವೆಟರನ್ನು ಹಗ್ಗಕ್ಕೆ ಹಾಕಿದವಳೇ ಅವಳು. ಟೈಲರಮ್ಮ ಅವನ ಮುಖ ನೋಡಿದಳು. "ಆಯ್ತು," ಅಂದು ಇಳಿದು ಹೋದಳು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಊರಾಚೆಯ ನರ್ಸ್ ಹಾಸ್ಟೆಲನ್ನು ಮುಚ್ಚುತ್ತಾರೆ ಎಂಬ ಸುದ್ದಿ ಅಲ್ಲೇ ಸಿಕ್ಕಿತು. ಒಂಬತ್ತು ಜನ ನರ್ಸುಗಳಿಗೆ ಒಂದೇ ಕಟ್ಟಡದಲ್ಲಿ ಮೂರು ಮನೆ ಬೇಕಾಗಿತ್ತು. ಹಿರಿಯ ನರ್ಸಿನ ಹತ್ತಿರ ಹೋಗಿ ನಮ್ಮ ವಿಳಾಸ ಕೊಟ್ಟೆ. ಬಾಡಿಗೆಯನ್ನೂ ನಾನೇ ಇಳಿಸಿ ಹೇಳಿದೆ. ಅಪ್ಪನಿಗೆ ತಿಳಿಸಲಿಲ್ಲ. ಭಾನುವಾರ ಎಲ್ಲರನ್ನೂ ಒಟ್ಟಿಗೆ ಕರೆತಂದು ಎದುರು ನಿಲ್ಲಿಸಿದರೆ ಒಂಬತ್ತು ಹೆಣ್ಣುಮಕ್ಕಳ ಮುಂದೆ ಇಲ್ಲ ಅನ್ನಲಾರ ಎಂದುಕೊಂಡೆ. ಟೈಲರಮ್ಮನಿಗೂ ಹೇಳಲಿಲ್ಲ. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅಪ್ಪನಿಗೆ ಮುಟ್ಟುತ್ತಿತ್ತು.

ನರ್ಸುಗಳು ಶುಕ್ರವಾರವೇ ಬಂದರು. ಪಾಳಿ ಮುಗಿಸಿ ಹೋಗುವ ದಾರಿಯಲ್ಲಿ ಒಮ್ಮೆ ನೋಡಿಬಿಡೋಣ ಅನಿಸಿತಂತೆ. ನಾನಿನ್ನೂ ಲ್ಯಾಬಿನಲ್ಲಿದ್ದೆ.

ಶನಿವಾರ ಕಾರಿಡಾರಿನಲ್ಲಿ ಹಿರಿಯ ನರ್ಸು ನನ್ನನ್ನು ತಡೆದಳು. "ಏನಮ್ಮ, ಖಾಲಿ ಇದೆ ಅಂದೆ? ಬಾಲ್ಕನಿ ತುಂಬಾ ಬಟ್ಟೆ. ಕೆಳಗೆ ಟೈಲರ್ ಹತ್ರ ಕೇಳಿದ್ರೆ ಎಲ್ಲಾ ತುಂಬಿದೆ ಅಂದ್ರು."

"ಮೇಲೆ ಹೋಗಿ ಕೇಳಿ ಅನ್ನಲಿಲ್ವಾ?"

"ಇಲ್ಲಪ್ಪ. ಎದುರುಗಡೆ ಬೋರ್ಡಿತ್ತು. ಅಲ್ಲಿ ಈ ವಾರವೇ ಮೂರು ಮನೆ ಖಾಲಿಯಾಗಿತ್ತಂತೆ, ಅಡ್ವಾನ್ಸ್ ಕೊಟ್ಟುಬಿಟ್ವಿ. ನೀನು ಬೇಜಾರು ಮಾಡ್ಕೋಬೇಡ."

ಸಂಜೆ ನೇರ ಅಂಗಡಿಗೆ ಹೋದೆ. ಟೈಲರಮ್ಮ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು.

"ಯಾಕಕ್ಕ ಹಾಗೆ ಮಾಡಿದೆ?"

"ಏನು ಮಾಡಿದೆ? ನಿಮ್ಮಪ್ಪ ಹೇಳಿಕೊಟ್ಟಿದ್ದನ್ನೇ ಹೇಳ್ದೆ."

"ಅರ್ಧ ಹೇಳಿದ್ದೀಯ."

ಅವಳು ದಾರ ಎಳೆದು ಬಾಯಿಂದ ಕಡಿದಳು. "ಹೌದು. ಉಳಿದರ್ಧಕ್ಕೆ ಬಾಯಿ ಬರಲಿಲ್ಲ. ನನ್ನ ಮನೆಗೆ ಜನ ಕಾಯ್ತಿದ್ದಾರೆ ಅಂದ್ರಲ್ಲ, ಅಷ್ಟೆಲ್ಲ ಜನ ಇದ್ದ ಮೇಲೆ ಇವರೊಬ್ರು ಯಾಕೆ ಅನ್ಕೊಂಡೆ." ಪ್ಯಾಂಟು ಮಡಚಿಟ್ಟು, "ನೀನು ಕಳಿಸಿದವರು ಅಂತ ಗೊತ್ತಿದ್ರೆ ಮೇಲಕ್ಕೆ ನಾನೇ ಕರ್ಕೊಂಡು ಹೋಗ್ತಿದ್ದೆ ಕಣೆ," ಅಂದಳು.

ಅದು ನಿಜವೇ ಇರಬೇಕು. ನಾನು ಮೆಟ್ಟಿಲು ಹತ್ತಿದೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ನನ್ನ ಪಾಲಿನದನ್ನೂ ಮುಚ್ಚಿಡಲಿಲ್ಲ. ಅವನು ಸ್ಪ್ಯಾನರು ಹಿಡಿದು ಸಿಂಕಿನ ಕೆಳಗೆ ಕೂತಿದ್ದ. ಬಯ್ಯುತ್ತಾನೆ ಅಂದುಕೊಂಡೆ. "ಇಳಿಸಿದ ಬಾಡಿಗೆಗೆ ಬರೋರು ಇಳಿಸಿದ ಕಡೆಗೇ ಹೋದ್ರು, ಬಿಡು," ಅಂದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಬಟ್ಟೆ ನೆನೆಸಲಿಲ್ಲ.

ಹತ್ತು ಗಂಟೆಗೆ ಕೆಳಗೆ ಹೋಗಿ ಅಂಗಡಿಯ ಮುಂದೆ ನಿಂತ. ನಾನು ಮೆಟ್ಟಿಲ ಮೇಲಿದ್ದೆ.

"ಟೈಲರಮ್ಮ."

"ಹೇಳಿ."

"ಮನೇದು, ಅಂಗಡೀದು, ಎರಡರಲ್ಲೂ ಕಾಲು ಭಾಗ ಬಿಡ್ತೀನಿ."

ಅವನ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಅವಳೂ ಹೊಲಿಗೆ ನಿಲ್ಲಿಸಿದಳು.

"ತಡ ಆಯ್ತು ಯಜಮಾನ್ರೇ. ಎದುರುಗಡೆ ಮಾತಾಡಿ ಆಯ್ತು. ಒಂಬತ್ತು ನರ್ಸುಗಳ ಯೂನಿಫಾರ್ಮ್ ಹೊಲಿಗೇನೂ ಅಲ್ಲೇ ಸಿಗುತ್ತೆ."

"ಮೂರನೇ ಒಂದು ಭಾಗ ಬಿಡ್ತೀನಿ."

"ಮೊನ್ನೆ ಕೂತ್ಕೋ ಅಂದಿದ್ರೂ ಇರ್ತಿದ್ದೆ," ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಅಪ್ಪ ಬೋರ್ಡು ಹೊರಗೆ ತೆಗೆದ, ಹೊಸ ಬಾಡಿಗೆಯನ್ನು ದಪ್ಪಕ್ಷರದಲ್ಲಿ ಬರೆದ, ಬಣ್ಣದವನನ್ನು ಕರೆಸಿದ. ಔಷಧಿ ಅಂಗಡಿಯವನು ಒಂದು ವರ್ಷದ ಹಿಂದೆ ಮಾಡಿದ್ದನ್ನೆಲ್ಲ ಅಪ್ಪ ಮೂರು ವಾರದಲ್ಲಿ ಮಾಡಿದ. ನಾಲ್ಕು ಜನ ನೋಡಲು ಬಂದರು. ಟೈಲರಮ್ಮ ಬಿಟ್ಟುಹೋದ ಅಂಗಡಿಯ ಬಾಗಿಲು ಮುಚ್ಚಿದ್ದನ್ನು ನೋಡಿ, "ಇಲ್ಲಿಂದ ಎಲ್ಲಾ ಬಿಟ್ಟು ಹೋಗ್ತಿದ್ದಾರಾ?" ಅಂದರು. ಒಬ್ಬರೂ ತಿರುಗಿ ಬರಲಿಲ್ಲ.

ವರ್ಷದ ಕೊನೆಯ ವಾರ ಅಣ್ಣ ಕಾಗದಪತ್ರ ತಂದ. ಕೊಂಡದ್ದು ಎದುರಿನ ಔಷಧಿ ಅಂಗಡಿಯವನೇ. ಕಟ್ಟಡ ಕೆಡವಿ ಗಾಡಿ ನಿಲ್ಲಿಸಲು ಜಾಗ ಮಾಡುತ್ತಾನಂತೆ. ಅಪ್ಪ ಸಹಿ ಹಾಕುವ ಮೊದಲು, ನೀರಿನ ಪೈಪುಗಳು ಗೋಡೆಯಲ್ಲಿ ಎಲ್ಲೆಲ್ಲಿ ಹೋಗಿವೆ ಎಂದು ಅವನಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ. ಕೆಡವುವವನಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಆದರೂ ಅವನು ಮಡಚಿ ಜೇಬಿಗೆ ಹಾಕಿಕೊಂಡ.

ಡ್ರೈವರ್ ತನ್ನ ಮಗಳ ಮನೆಗೆ ಹೋದ. ನಾನು ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದೆ. ಅಪ್ಪ ಅಣ್ಣನ ಮನೆಗೆ ಹೋದ.

ಹೋದದ್ದು ಆರು ಮನೆ, ಒಂದು ಅಂಗಡಿ, ಇಬ್ಬರು ಬಾಡಿಗೆದಾರರು.